ಪಿಳ್ಳಪ್ಪಣ್ಣನ ಹಣೆಯ ಗುಳಿ

ಪಿಳ್ಳಪ್ಪಣ್ಣನ ಎಡಹುಬ್ಬಿನ ಮೇಲೆ ಒಂದು ಗುಳಿ ಇತ್ತು. ಹುಣಸೆಬೀಜ ಇಟ್ಟರೆ ಬೀಳದೆ ನಿಲ್ಲುವಷ್ಟು ಆಳ. ಯಾರಾದರೂ ಅದನ್ನೇ ದಿಟ್ಟಿಸಿದರೆ ತಾನಾಗಿಯೇ ಮುಖ ಮುಂದೆ ತರುತ್ತಿದ್ದ. "ಚೆನ್ನಾಗ್ ನೋಡ್ಕಳಪ್ಪ. ಮುದ್ದೆ ತಿರುವೋ ಕೋಲಲ್ಲಿ ನಮ್ಮನೆಯವಳು ಹಾಕಿರೋ ರುಜು ಇದು. ನಾನು ಕಟ್ಟಿದ ತಾಳಿನಾದ್ರೂ ಬಿಚ್ಚಿಡಬೋದು, ಇದನ್ನ ಎಲ್ಲಿ ಬಿಚ್ಚಿಡಾಣ?" ಹೆಂಡತಿ ನಂಜಮ್ಮ ಹತ್ತಿರವಿದ್ದರೆ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುವಳು. ಆ ಏಟಿನ ಬಗ್ಗೆ ಅವಳ ಬಾಯಿಂದ ಯಾರೂ ಒಂದು ಮಾತು ಕೇಳಿರಲಿಲ್ಲ.

ನಾನು ಅವನನ್ನು ಮೊದಲು ಕಂಡದ್ದು ನಮ್ಮ ರೇಷ್ಮೆ ಸೀಮೆಯ ವಿಜಯಪುರದಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ. ನನ್ನ ಅಕ್ಕನ ಮುಂಗೈ ಮುರಿದಿತ್ತು. ಅದನ್ನು ಮುರಿದ ಅವಳ ಗಂಡ, ವೆಂಕಟೇಶಭಾವ, ಪಕ್ಕದಲ್ಲೇ ತಲೆತಗ್ಗಿಸಿ ಕೂತಿದ್ದ. ಭಾವ ವರ್ಷವರ್ಷವೂ ಅಯ್ಯಪ್ಪನ ಮಾಲೆ ಹಾಕುವವನು. ಮಾಲೆ ಇರುವಷ್ಟು ದಿನ ಇರುವೆಯನ್ನೂ ತುಳಿಯದ ಸಾಧು. ಬೆಟ್ಟದಿಂದ ಬಂದು ಮಾಲೆ ತೆಗೆದನೆಂದರೆ, ತಡೆದಿಟ್ಟದ್ದನ್ನೆಲ್ಲ ಒಂದೇ ಸಂಜೆ ಕುಡಿದು ಮನೆಗೆ ಬರುವನು. ಆ ಸಲ ಬಾಗಿಲ ಅಗುಳಿಯನ್ನೇ ಕಿತ್ತು ಅಕ್ಕನ ಮೇಲೆ ಬೀಸಿದ್ದ.

"ಬಚ್ಚಲಲ್ಲಿ ಜಾರಿ ಬಿದ್ದೆ," ಎಂದು ಅಕ್ಕ ನರ್ಸಮ್ಮನಿಗೆ ಹೇಳುತ್ತಿದ್ದಳು.

ಬೆಂಚಿನ ಆ ತುದಿಯಲ್ಲಿ ಕೂತಿದ್ದ ಗುಳಿಹಣೆಯವನು ಮೂಗೆಳೆದ. "ಯಾವ ಬಚ್ಚಲಮ್ಮ ಅದು, ಬ್ರಾಂದಿ ವಾಸ್ನೆ ಹೊಡೆಯೋದು?"

ಭಾವ ಎದ್ದವನೇ ಅವನ ಕೊರಳಪಟ್ಟಿ ಹಿಡಿದ. ಪಿಳ್ಳಪ್ಪಣ್ಣ ಬಿಡಿಸಿಕೊಳ್ಳಲೂ ಇಲ್ಲ. "ಹಿಡ್ಕೊ ಗುರು. ಭಾನುವಾರ ಬೆಳಗ್ಗೆ ಹಳೇ ರೇಷ್ಮೆ ಶೆಡ್ಡಿಗೆ ಬಾ. ಹಿಂಗೆ ಹಿಡಿಯಾಕೆ ಇನ್ನೂ ಎಂಟ್ಹತ್ತು ಕುಡುಕರ ಕೊರಳು ಸಿಗ್ತವೆ."

ಹಾಗೆ ನಮಗೆ ಆ ಸಂಘ ಸಿಕ್ಕಿತು. ಗೂಡು ಬೇಯಿಸಿ ನೂಲು ತೆಗೆಯುವುದು ಎಂದೋ ನಿಂತುಹೋದ ಶೆಡ್ಡು. ಸತ್ತ ಹುಳುವಿನ ನಾತ ಮಾತ್ರ ಗೋಡೆ ಬಿಟ್ಟಿರಲಿಲ್ಲ. ಕುಡಿತ ಬಿಟ್ಟವರು, ಬಿಡಲು ಹೆಣಗುವವರು ಚಾಪೆಯ ಮೇಲೆ ಕೂತು ತಾವು ಯಾರಿಗೆ ಎಲ್ಲೆಲ್ಲಿ ಹೊಡೆದೆವೆಂದು ಒಬ್ಬೊಬ್ಬರಾಗಿ ಹೇಳುತ್ತಿದ್ದರು. ಭಾವನ ಸರದಿ ಬಂದಾಗ ಅವನು ಕೈ ಮುಂದೆ ಚಾಚಿದ. "ನಮ್ಮವ್ವನಾಣೆ, ಇನ್ಮೇಲೆ ಮುಟ್ಟಲ್ಲ."

"ಏ, ಇಲ್ಲಿ ಆಣೆ ಹಾಕಂಗಿಲ್ಲ ಕಣೋ," ಎಂದ ಪಿಳ್ಳಪ್ಪಣ್ಣ. "ನಾನು ಹಾಕಿದ ಆಣೆಗೆ ನಮ್ಮವ್ವ ಯಾವಾಗ್ಲೋ ಸಾಯ್ಬೇಕಿತ್ತು. ಇನ್ನೂ ಎಲೆಅಡಿಕೆ ಕುಟ್ಕೊಂಡು ಕೂತವ್ಳೆ. ಇವತ್ತೊಂದಿನ ತಡ್ಕ. ನಾಳೇದು ನಾಳೆ ನೋಡಾಣ."

ಆಮೇಲೆ ಅಕ್ಕನ ಕಡೆ ತಿರುಗಿದ. "ತಾಯಿ, ನೀನು ತಮ್ಮನ ಮನೇಲಿರು. ನೀನು ಏಟು ತಿಂದ್ರೆ ಇವನು ಸರಿಹೋಗ್ತಾನೆ ಅನ್ಕಬೇಡ. ನಮ್ಮನೆಯವಳು ಹಂಗನ್ಕೊಂಡೇ ಎರಡು ಬಸುರು ಕಳ್ಕೊಂಡ್ಲು." ಇದೊಂದು ಮಾತನ್ನು ಹೇಳುವಾಗ ಮಾತ್ರ ಅವನು ನಗುತ್ತಿರಲಿಲ್ಲ.

ಅಕ್ಕ ನಮ್ಮ ಮನೆಗೆ ಬಂದಳು. ಅದೇ ಭಾವನನ್ನು ಕೆರಳಿಸಿತು. ಮುಂದೊಂದು ಭಾನುವಾರ ಕಣ್ಣು ಕೆಂಪು ಮಾಡಿಕೊಂಡು ಶೆಡ್ಡಿಗೆ ನುಗ್ಗಿದ. "ನನ್ ಹೆಂಡ್ತಿನ ನಂಗೇ ಇಲ್ದಂಗ್ ಮಾಡ್ದೋನು ನೀನಲ್ವೇನೋ!" ಎಂದವನೇ ಪಿಳ್ಳಪ್ಪಣ್ಣನ ಕೂದಲು ಹಿಡಿದು, ಗೂಡು ಬೇಯಿಸುತ್ತಿದ್ದ ತೊಟ್ಟಿಯ ಅಂಚಿಗೆ ಮುಖವನ್ನು ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಚಾಪೆಯ ಮೇಲೆ ರಕ್ತ ಚೆಲ್ಲಿತು. ಉಳಿದವರು ಸೌದೆ ಎತ್ತಿಕೊಂಡು ಭಾವನ ಮೇಲೆ ಬಿದ್ದರು, ನಾನೂ ಬಿದ್ದೆ. ಪಿಳ್ಳಪ್ಪಣ್ಣ ಮುರಿದ ಹಲ್ಲನ್ನು ಅಂಗೈಗೆ ಉಗುಳಿ ಕೂಗಿದ: "ಹೊಡೀಬೇಡ್ರೋ! ಅವನ ಕೈಯಲ್ಲಿರೋ ಏಟೆಲ್ಲ ಇಲ್ಲೇ ಖರ್ಚಾಗ್ಲಿ. ಇಲ್ಲಿ ಖರ್ಚಾದಷ್ಟು ಆ ಹೆಣ್ಣುಮಗಳಿಗೆ ಮಿಗಲ್ಲ."

ಭಾವ ತೊಟ್ಟಿಯ ಪಕ್ಕ ಕುಸಿದು ಎಳೆಗರುವಿನ ಹಾಗೆ ಅರಚಿದ. ಮುಂದಿನ ವಾರ ಎಲ್ಲರಿಗಿಂತ ಮುಂಚೆ ಬಂದು ಚಾಪೆ ತೊಳೆಯುತ್ತಿದ್ದ. ಅಕ್ಕ ಅಷ್ಟಕ್ಕೆಲ್ಲ ನಂಬಲಿಲ್ಲ. ಅವನು ಮಾಲೆಯ ಹಂಗಿಲ್ಲದೆಯೇ ಒಂದು ವರ್ಷ ಕುಡಿಯದೆ ಕಳೆದ ಮೇಲೆ, ತನಗೆ ಬೇಕೆನಿಸಿದಾಗ ಅವನ ಮನೆಗೆ ಹೋದಳು.

ಪಿಳ್ಳಪ್ಪಣ್ಣ ಕುಡಿತ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅವನ ಲಿವರು ಹಳೆಯದನ್ನು ಮರೆತಿರಲಿಲ್ಲ. ಹೊಟ್ಟೆ ಊದಿಕೊಂಡಿತು. ಕೊನೆಯ ಸಲ ನೋಡಲು ಹೋದಾಗ ನನ್ನ ಕೈ ಅದುಮಿ ಹೇಳಿದ: "ನನ್ ಎಡೇಗೆ ಬಾಟ್ಲಿ ಇಟ್ಟೀರಾ, ಗುಂಡಿಯಿಂದ ಎದ್ದು ಬಂದು ಒದೀತೀನಿ."

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮ ಕಡೆಯ ಪದ್ಧತಿ. ತಿಥಿಯ ದಿನ ಮುದ್ದೆ, ಬಾಡಿನ ಸಾರು, ಬೀಡಿಕಟ್ಟಿನ ಪಕ್ಕದಲ್ಲಿ ಅವನ ತಮ್ಮ ಬ್ರಾಂದಿ ಬಾಟಲಿಯನ್ನೂ ಇಟ್ಟ. ನಾನು ಪಿಳ್ಳಪ್ಪಣ್ಣನ ಮಾತನ್ನು ಅವನಿಗೆ ಹೇಳಿದೆ. "ಹುಷಾರಿಲ್ದಾಗ ಆಡಿದ್ದು ಬಿಡಪ್ಪಾ. ಆಸೆ ಉಳಿದ್ರೆ ಕಾಗೆ ಮುಟ್ಟಲ್ಲ," ಎಂದ. ಪೂಜೆ ಮುಗಿದದ್ದೇ ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿ, ಮೊದಲು ಭಾವನಿಗೇ ಚಾಚಿದ. "ತಗಾ ವೆಂಕಟೇಶ, ನಮ್ಮಣ್ಣನ ಪ್ರಸಾದ. ಬ್ಯಾಡ ಅಂದ್ರೆ ಸತ್ತೋನ್ನ ಬ್ಯಾಡ ಅಂದಂಗೆ."

ಭಾವ ಲೋಟ ಹಿಡಿದ. ಬಾಗಿಲಲ್ಲಿದ್ದ ಅಕ್ಕ ತನ್ನ ಮುಂಗೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಲೋಟ ತುಟಿಯ ಹತ್ತಿರ ಹೋಯಿತು.

ಅಡುಗೆಮನೆಯಿಂದ ನಂಜಮ್ಮ ಬಂದಳು. ಕೈಯಲ್ಲಿದ್ದ ಮುದ್ದೆ ಕೋಲಿಗೆ ಹಿಟ್ಟು ಇನ್ನೂ ಅಂಟಿತ್ತು, ಹಬೆಯಾಡುತ್ತಿತ್ತು. ಯಾರ ಮುಖವನ್ನೂ ನೋಡದೆ ಎರಡು ಕೈಯಲ್ಲೂ ಎತ್ತಿ ಬಾಟಲಿಯ ಮೇಲೆ ಬೀಸಿದಳು. ಗಾಜು ಸಿಡಿದು ಮೈದುನನ ಕೆನ್ನೆ ಸೀಳಿತು. ಅವನು "ಲೇ!" ಎಂದು ಅತ್ತಿಗೆಯ ಮೇಲೆ ಕೈ ಎತ್ತಿದ. ಭಾವನ ಕೈಯ ಲೋಟ ನೆಲಕ್ಕೆ ಉರುಳಿತು. ಅದೇ ಕೈ ಆ ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿತ್ತು.

ನಂಜಮ್ಮ ಕೋಲು ಕೆಳಗಿಟ್ಟು, ಹಾರ ಹಾಕಿದ್ದ ಫೋಟೋದ ಹಣೆಯನ್ನು ಸೆರಗಿನಿಂದ ಒರೆಸಿದಳು.

"ಅವತ್ತೂ ನಾನು ಬೀಸಿದ್ದು ಬಾಟ್ಲಿಗೇ ಕಣ್ರಪ್ಪ," ಎಂದಳು. "ಇವರು ಅದನ್ನ ಉಳಿಸ್ಕಳಾಕೆ ತಲೆ ಅಡ್ಡ ಕೊಟ್ರು."