ರಬಕವಿಯ ಮಲ್ಲಪ್ಪನವರೂ ದಪ್ಪ ರೆಕಾರ್ಡೂ

ರೆಕಾರ್ಡ್ ಪ್ಲೇಯರ್ ರಿಪೇರಿಗೆ ಕೂತರೆ ಮಲ್ಲಪ್ಪನವರು ಹಲ್ಲಿನಲ್ಲಿ ಒಂದೆಳೆ ನೂಲು ಕಚ್ಚಿಕೊಳ್ಳುತ್ತಿದ್ದರು. ಮಾತಾಡಿದರೆ ಕೈ ತಪ್ಪುತ್ತದೆಂದು ತಮಗೆ ತಾವೇ ಹಾಕಿಕೊಂಡ ಬೀಗ ಅದು. ಕಸುಬಿನಿಂದ ನೇಕಾರರು. ರಬಕವಿಯ ಅವರ ಮಗ್ಗದ ಕೋಣೆಯ ಮೂಲೆಯಲ್ಲೊಂದು ಮೇಜು, ಅದರ ತುಂಬ ಊರೂರಿನ ಹಳೆಯ ಪ್ಲೇಯರುಗಳು. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಲು ಹೆಣಗಿದ ಪೇಶನ್ಸ್ ಅನ್ನು ನಾನು ಕಣ್ಣಾರೆ ಕಂಡದ್ದು ಆ ಮೇಜಿನ ಮುಂದೆ.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗಳು ಒಂದು ಹೊಸ ರೆಕಾರ್ಡು ತಂದುಕೊಟ್ಟಳು. ಮದುವೆಯಾದ ವರ್ಷ ನನ್ನ ಯಜಮಾನರು ಕೊಂಡಿದ್ದ ರೆಕಾರ್ಡಿನ ಹಾಡುಗಳೇ, ಹೊಸ ಮುದ್ರಣ. ದಪ್ಪ, ಭಾರ, ವೆರಿ ಡಿಗ್ನಿಫೈಡ್. "ನೂರೆಂಬತ್ತು ಗ್ರಾಂ ಆಂಟಿ, ಸೌಂಡ್ ಕ್ವಾಲಿಟಿನೇ ಬ್ಯಾರೆ," ಎಂದಳು. ಯಜಮಾನರು ತೀರಿಕೊಂಡ ಮೇಲೆ ಅವರ ರೆಕಾರ್ಡು ಧೂಳು ತಿಂದು ಬರೀ ಚಟಪಟ ಅನ್ನುತ್ತಿತ್ತು. ನಮ್ಮ ಜಮಖಂಡಿಯಲ್ಲಿ ಹೊಸ ಹೋಟೆಲ್ ತೆರೆದವರೊಬ್ಬರು ಗೋಡೆಯ ಅಲಂಕಾರಕ್ಕೆ ಅದನ್ನು ಕೇಳಿದರು. ಕೊಡೋಣವೆಂದುಕೊಂಡೆ. ಅದಕ್ಕೂ ಮೊದಲು, ಹೊಸದಕ್ಕೆ ಪ್ಲೇಯರ್ ಸರಿಮಾಡಿಸಲು, ಅದನ್ನೂ ಎರಡೂ ರೆಕಾರ್ಡುಗಳನ್ನೂ ಹಿಡಿದು ರಬಕವಿಗೆ ಹೋದೆ.

ಹೋಟೆಲಿನ ಮಾತು ಕೇಳಿ ಮಲ್ಲಪ್ಪನವರು ನೂಲು ಉಗುಳಿದರು.

"ಹೋಟೆಲ್ ಗ್ವಾಡಿಗೆ ಹಚ್ಚಾಕ ಇದು ಏನ್ ತಪ್ಪು ಮಾಡೇತ್ರಿ ಬಾಯಾರ?"

"ತೆಳ್ಳಗದ ಮಲ್ಲಪ್ಪನವರ. ಆವಾಜ್ ಛಲೋ ಇಲ್ಲ."

"ಸೀರಿನೂ ಮಂದಿ ಹಿಂಗ ಕೈಯಾಗ ತೂಗಿ ನೋಡ್ತಾರ. ಗಂಜಿ ಜಾಸ್ತಿ ಕುಡಿಸಿದ್ರ ತೂಕ ಬರತೈತಿ. ಒಮ್ಮೆ ಒಗದ್ರ ಗೊತ್ತಾಗತೈತಿ ನೂಲು ಎಂಥಾದಂತ."

ಮೆತ್ತನೆಯ ಬಟ್ಟೆ ಒದ್ದೆ ಮಾಡಿ, ಗೆರೆ ಸುತ್ತಿದ ಹಾದಿಯಲ್ಲೇ ಹಳೆಯದನ್ನು ಒರೆಸಿದರು. ಪ್ಲೇಯರಿನ ಮುಳ್ಳು ಬದಲಿಸಿದರು. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಎರಡರದೂ ಮೊದಲ ಎರಡು ಸಾಲು ಕೇಳಿಸಿದರು.

"ಎರಡನೇದು ಹೊಸಾದು. ಆಫ್‌ಕೋರ್ಸ್," ಎಂದೆ.

"ತಿರುಗಿ ನೋಡ್ರಿ."

ತಿರುಗುತ್ತಿದ್ದದ್ದು ನಮ್ಮ ಯಜಮಾನರದು.

ಅವರು ಗೆದ್ದೆನೆಂದು ಬೀಗಲಿಲ್ಲ. "ದಪ್ಪಂದಕ್ಕೂ ಒಂದು ಗುಣ ಐತ್ರಿ. ಲಗೂ ಸೊಟ್ಟ ಆಗೂದಿಲ್ಲ, ಸಪಾಟ ಕುಂದರತೈತಿ. ಆದ್ರ ಹಾಡು ಇರೂದು ಗೆರಿಯೊಳಗ. ಗೆರಿ ಛಲೋ ಕೊರದಿದ್ರ ತೆಳ್ಳಂದೂ ಹಾಡತೈತಿ."

ಅಷ್ಟರಲ್ಲಿ ಮೂರನೆಯ ಸಾಲು ಬಂದು, ಮುಳ್ಳು ಟಕ್ಕೆಂದು ಜಿಗಿಯಿತು.

"ಇದೊಂದು ನನ್ನ ಕೈಲೆ ಆಗೂದಿಲ್ಲ. ಗೀರಿದವರು ಯಾರು?"

"ನಮ್ಮ ಮನೆಯವರು. ಹೊಸದಾಗಿ ಲಗ್ನ ಆಗಿತ್ತು, ನನ್ನ ಮುಂದ ಸ್ಟೈಲ್ ಮಾಡಾಕ ಹೋಗಿ ಮುಳ್ಳು ಕೆಡವಿದ್ರು."

ಅವರು ಹಳೆಯದನ್ನು ಕವರಿನೊಳಗಿಟ್ಟು ನನ್ನ ಕೈಗೆ ಕೊಟ್ಟರು. "ಹಂಗಾರ ಹೋಟೆಲ್‌ನವರಿಗೆ ಬ್ಯಾಡ. ಬೇಕಂದ್ರ ಹೊಸಾದು ನನಗ ಕೊಟ್ಟು ಹೋಗ್ರಿ. ನಾ ಏನ್ ನಿಮ್ಮ ಮುಂದ ಸ್ಟೈಲ್ ಮಾಡೂದಿಲ್ಲ."

ನಕ್ಕು ಹೊಸದನ್ನು ಕೊಟ್ಟುಬಂದೆ.

ಈ ವರ್ಷ ಮಲ್ಲಪ್ಪನವರು ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದಾಗ ಅವರ ಸೊಸೆ ಹೇಳಿದಳು: "ಮಾವಾರು ದಿನಾ ಮುಂಜಾನಿ ನೀವು ಕೊಟ್ಟ ಈ ರೆಕಾರ್ಡ ಹಚ್ಚತಿದ್ರು. ನಮಗ್ಯಾರಿಗೂ ಮುಳ್ಳು ಇಡಾಕ ಬರೂದಿಲ್ರಿ ಬಾಯಾರ. ಒಮ್ಮೆ ಹಚ್ರಿ." ಅವಳ ಗಂಡ ಮಗ್ಗ ನಿಲ್ಲಿಸಿ ಬಂದು ಕೂತ. ಹಚ್ಚಿದೆ. ಮೂರನೆಯ ಸಾಲು ಎಲ್ಲೂ ಎಡವದೆ ದಾಟಿಹೋಯಿತು.

ಸೊಸೆಗೆ ಮುಳ್ಳು ಇಡುವುದನ್ನು ಕಲಿಸಿ, ಜಮಖಂಡಿಯ ಬಸ್ಸು ಹಿಡಿದೆ. ಮನೆಗೆ ಬಂದು ನಮ್ಮ ಯಜಮಾನರದನ್ನು ಹಚ್ಚಿ, ಅದು ಜಿಗಿಯುವವರೆಗೂ ಕೂತಿದ್ದೆ.