ಕಿಟಕಿಗಳಿದ್ದ ಜಲಾಂತರ್ಗಾಮಿ

ಥಿನ್ನರ್ ಬಾಟಲಿಯ ಮುಚ್ಚಳ ತಿರುವಿದ ಕೂಡಲೇ ಅಂಬಿಕಾನಗರದ ಕ್ವಾರ್ಟರ್ಸಿನ ಹಿಂಬದಿಯ ಜಗಲಿ ನೆನಪಾಯಿತು. ಮೊದಲು ಜಗಲಿ, ಆಮೇಲೆ ಅಲ್ಲಿ ಕಾಲು ಮಡಚಿ ಕುಳಿತ ಮನುಷ್ಯ. ಕುಂಚವನ್ನು ಥಿನ್ನರಿನಲ್ಲಿ ಅದ್ದಿ ಅಂಗಿಯ ತುದಿಗೇ ಒರೆಸಿಕೊಳ್ಳುತ್ತಿದ್ದರು... ಅಂಗಿಯೋ ಲುಂಗಿಯೋ, ಖಾತ್ರಿಯಿಲ್ಲ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬಾರದು ಎಂದು ಅಲ್ಲಿ ಕಲಿಸಿದ್ದರು. ಇಲ್ಲಿ ಬರೆಯುತ್ತಿರುವುದಕ್ಕೆ ಇರುವ ಸಾಕ್ಷಿ ನಾನೊಬ್ಬನೇ.

ಈಗ ದಾಂಡೇಲಿಯಲ್ಲಿದ್ದೇನೆ. ಹಳಿಯಾಳದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಭಾನುವಾರ ನಾವು ನಾಲ್ಕು ಜನ ಒಂದು ದೊಡ್ಡ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಬೆರಳುದ್ದದ ಹಡಗುಗಳನ್ನಿಟ್ಟು, ದಾಳ ಉರುಳಿಸಿ ಸಮುದ್ರಯುದ್ಧ ಆಡುತ್ತೇವೆ. ನನ್ನ ಪಾಲಿಗೆ ಈ ಸಲ ಒಂದು ಜಲಾಂತರ್ಗಾಮಿ ಬಂದಿದೆ. ಬಿಡಿಭಾಗಗಳಾಗಿ ಅಂಚೆಯಲ್ಲಿ ಬಂದದ್ದನ್ನು ಅಂಟಿಸಿ, ತಿಕ್ಕಿ, ಬಣ್ಣ ಹಚ್ಚಬೇಕು. ಹಚ್ಚುತ್ತೇನೆ, ಸರಿಬರುವುದಿಲ್ಲ, ಒರೆಸುತ್ತೇನೆ. ನಮ್ಮ ಗುಂಪಿನಲ್ಲಿ ಹೊಳೆಯ ಮೇಲೆ ಪ್ರವಾಸಿಗರಿಗೆ ರಾಫ್ಟಿಂಗ್ ಮಾಡಿಸುವ ಹುಡುಗನೊಬ್ಬನಿದ್ದಾನೆ. ಹೋದ ವಾರ ಅವನು ಕೇಳಿದ: "ಸರ, ನಿಮ್ಮ ಬೋಟಿನ ಬಣ್ಣ ಒಣಗೂದು ಯಾವಾಗ್ರೀ? ಯುದ್ಧ ಮುಗದ ಮ್ಯಾಲೇನ್ರೀ?"

ಎಂ.ಎ. ಮುಗಿಸಿ ಕೆಲಸವಿಲ್ಲದೆ ಮನೆಗೆ ಬಂದು ಕುಳಿತ ವರ್ಷ ಈ ಆಟವನ್ನು ಹಾಸ್ಟೆಲಿನಿಂದ ಹೊತ್ತು ತಂದಿದ್ದೆ. ನಿಯಮಗಳು ತಲೆಯಲ್ಲಿದ್ದವು, ಹಡಗುಗಳಿರಲಿಲ್ಲ, ಎದುರಾಳಿಯೂ ಇರಲಿಲ್ಲ. ಅಪ್ಪ ಅಂಬಿಕಾನಗರದ ವಿದ್ಯುತ್ ಕಾಲೊನಿಯಲ್ಲಿ ಕಾರಕೂನ. ಪಕ್ಕದ ಕ್ವಾರ್ಟರ್ಸಿನಲ್ಲಿದ್ದವರು ಪವರ್ ಹೌಸಿನ ಫಿಟರ್. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಪ್ರೊಫೆಸರ್ರ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತು, ಚೇಷ್ಟೆ ಎಷ್ಟಿತ್ತು ಎಂದು ಇಡೀ ಕಾಲೊನಿಗೆ ಗೊತ್ತಿತ್ತು.

ಕಾಕಾನ ಊರು ಜೋಯಿಡಾ ಕಡೆಯದು. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಅವರ ಮಂದಿಯೆಲ್ಲ ರಾಮನಗರಕ್ಕೆ ಹೋದರು, ಇವರಿಗೆ ಅಣೆಕಟ್ಟಿನಲ್ಲೇ ಕೆಲಸ ಸಿಕ್ಕಿತು. ಅಂಬಿಕಾನಗರಕ್ಕೆ ಬರುವ ಮೊದಲು ಬಹಳ ವರ್ಷ ಗಣೇಶಗುಡಿಯಲ್ಲಿ, ಆ ಅಣೆಕಟ್ಟಿನ ಮೇಲೇ ಡ್ಯೂಟಿ. ನಿಂತ ಜಾಗದಿಂದ ನೋಡಿದರೆ ಆಚೆ ದಂಡೆಯಲ್ಲಿ ಊರ ಹಿಂದಿನ ಗುಡ್ಡ ಕಾಣುತ್ತಿತ್ತು. ಗುಡ್ಡದ ಬುಡದಲ್ಲಿ ನೀರು. ಆ ನೀರಿನ ಕೆಳಗೆ ಊರು. ಹೀಗೆ ದಿನಾ ನೋಡುತ್ತಿದ್ದರಂತೆ.

ಹಡಗು ಮಾಡಿಕೊಡಿ ಎಂದು ಕೇಳಲು ಹೋದಾಗ ಅವರು ನಿಯಮಗಳನ್ನೆಲ್ಲ ಪೂರ್ತಿ ಕೇಳಿಸಿಕೊಂಡರು. ಯುದ್ಧನೌಕೆ, ತೋಪು, ಮುಳುಗಿಸುವುದು, ಯಾವುದರಲ್ಲೂ ಅವರಿಗೆ ಮನಸ್ಸಿರಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು. "ಇದೊಂದು ನೀರಿನ ಬುಡಕ ಹೋಗತೈತಿ ಅಂದ್ರಿ ಹೌದಲ್ರೀ? ಹಂಗಾದ್ರ ಯುದ್ಧ ಯಾಕ, ನಮ್ಮೂರಿಗೆ ಹೋಗೂಣು."

ಅಲ್ಲಿಂದ ಆಟ ನನ್ನ ಕೈ ತಪ್ಪಿತು. ಶಿವನಿ ಕಟ್ಟಿಗೆಯ ತುಂಡೊಂದನ್ನು ಅವರು ವಾರಗಟ್ಟಲೆ ಕೆತ್ತಿದರು. ಮೂಗು ದುಂಡಗೆ, ಬಾಲ ಚೂಪಗೆ. ಪಾಲಿಶ್ ಕಾಗದದಿಂದ ತಿಕ್ಕಿ, ಕಣ್ಣು ಮುಚ್ಚಿ ಬೆರಳಾಡಿಸಿ, ಇನ್ನೂ ಗೀರು ಐತಿ ಎಂದು ಮತ್ತೆ ತಿಕ್ಕುವರು. ಡಬ್ಬಿಯ ತಗಡಿನಿಂದ ಪಂಖ ಕತ್ತರಿಸಿದರು. ಸೈಕಲ್ಲಿನ ಕಡ್ಡಿಯೊಂದನ್ನು ಸಣ್ಣ ಕಟ್ಟಿಗೆಯ ಬಿಲ್ಲೆಯ ಮೇಲೆ ನೆಟ್ಟಗೆ ನಿಲ್ಲಿಸಿ ಹಡಗನ್ನು ಅದಕ್ಕೆ ಪೋಣಿಸಿದರು. ಕಡ್ಡಿಯ ಮೇಲೆ ಅದು ಎಷ್ಟು ಕೆಳಗೆ ಜಾರಿದೆಯೋ ನೀರಿನಲ್ಲಿ ಅಷ್ಟು ಆಳ ಎಂದು ಲೆಕ್ಕ. ಮೊದಲು ಪೈಪುಗಳಿಗೆ ಬಳಿಯುವ ಕೆಂಪು ಬಣ್ಣ, ಅದರ ಮೇಲೆ ಬೂದಿ ಬಣ್ಣ, ಹೊಟ್ಟೆಯ ಹತ್ತಿರ ತುಕ್ಕು ಹಿಡಿದಂತೆ ಕಾಣಲು ಒಣ ಕುಂಚದಿಂದ ಕಂದು ಎಳೆಗಳು.

ಆಮೇಲೆ ಎರಡೂ ಮಗ್ಗುಲಿಗೆ ದುಂಡನೆಯ ಕಿಟಕಿ ಬರೆಯಲು ಕುಳಿತರು. ಜಲಾಂತರ್ಗಾಮಿಗೆ ಕಿಟಕಿ ಇರುವುದಿಲ್ಲ, ನೀರಿನ ಒತ್ತಡಕ್ಕೆ ಒಡೆಯುತ್ತದೆ ಎಂದು ನಾನು ವಾದಿಸಿದೆ. ಕಾಕಾ ಕುಂಚದ ತುದಿ ತುಟಿಗಿಟ್ಟು ಚೂಪು ಮಾಡಿಕೊಳ್ಳುತ್ತಾ, "ಊರಿಗೆ ಹೋಗಿ ಕಿಡಕಿ ಇಲ್ಲಂದ್ರ ಏನ್ ನೋಡೂದ್ರೀ ಪ್ರೊಫೆಸರ್ರ? ಕತ್ತಲಾಗ ಕುಂತು ಬರೂದಾ?" ಎಂದರು. ಒಳಗಿನಿಂದ ಕಾಕು, ಅವರ ಹೆಂಡತಿ, ಚಹಾ ತಂದಿಟ್ಟು ಹೇಳಿದ್ದು: "ಮಕ್ಕಳು ಗೊಂಬಿ ಬಿಟ್ಟು ದೊಡ್ಡವರಾದ್ರು. ಇವರು ಈಗ ಸುರು ಮಾಡ್ಯಾರ."

ಊರನ್ನು ಒಂದು ಪ್ಲೈವುಡ್ ಹಲಗೆಯ ಮೇಲೆ ಬರೆದರು. ಒಂದು ಅಂಚಿಗೆ ಹೊಳೆ, ಎದುರಿನ ಅಂಚಿಗೆ ಗುಡ್ಡ, ನಡುವೆ ಹೊಳೆಗುಂಟ ಸಾಗುವ ಒಂದೇ ಓಣಿ. ಓಣಿಯ ಮಧ್ಯ ಗುಡಿ. ಗುಡಿಯ ಎಡಕ್ಕೆ ಕೊನೆಯಲ್ಲಿ ಕಾಕಾನ ಮನೆ, ಬಲಕ್ಕೆ ಕೊನೆಯಲ್ಲಿ ಕಮ್ಮಾರರ ಮನೆ. ಅಲ್ಲಲ್ಲಿ ಬಾವಿ, ಕಟ್ಟಿಗೆಯ ರಾಶಿ, ಹೊಳೆಗಿಳಿಯುವ ಮೆಟ್ಟಿಲು. ಹಲಗೆ ಇಟ್ಟ ಮೇಜು ಪಡಸಾಲೆಯ ಗೋಡೆಗೆ ತಾಗಿತ್ತು, ಗುಡ್ಡದ ಅಂಚು ಗೋಡೆಯ ಕಡೆಗೆ. ಹಾಗಾಗಿ ನಾವಿಬ್ಬರೂ ಹೊಳೆಯ ಕಡೆಯೇ ಅಕ್ಕಪಕ್ಕ ಕೂರುತ್ತಿದ್ದೆವು. ಎದುರಾಳಿ ಇಲ್ಲದ ಆಟವಲ್ಲವೇ. ದಾಳದ ಬದಲು ಸೀಳಿದ ಹುಣಸೆಬೀಜ. ಮುಳುಗಿದ ಮರಗಳಿಗೆ ಸಿಕ್ಕಿಬೀಳಬಾರದು, ಇಷ್ಟು ಸರದಿ ಎಂದು ಎಣಿಸಿಟ್ಟ ಉಸಿರು ಮುಗಿಯುವುದರೊಳಗೆ ಮನೆ ಮುಟ್ಟಿ ಮೇಲೆ ಬರಬೇಕು. ಬಹುಪಾಲು ಗುಡಿಯ ಹತ್ತಿರವೇ ಉಸಿರು ಮುಗಿಯುತ್ತಿತ್ತು. ಮುಟ್ಟಿದ ದಿನ ಕಾಕಾ ಹಡಗನ್ನು ಅಲ್ಲೇ ಬಿಟ್ಟು ಬೀಜಗಳನ್ನು ಎತ್ತಿಡುತ್ತಿದ್ದರು...

ಅವರಿಗೆ ಇದು ಆಟವಾಗಿರಲಿಲ್ಲ ಎಂದು ನನಗೆ ತಿಳಿದದ್ದು ನಡುವೆ ಒಂದು ದಿನ. ಅವರಿಗೊಬ್ಬ ಅಕ್ಕ ಇದ್ದರು, ಹಳಿಯಾಳದ ಕಡೆಯ ಹಳ್ಳಿಗೆ ಕೊಟ್ಟದ್ದು. ಊರು ಬಿಡುವ ಹೊತ್ತಿಗೆ ಆಕೆ ಬಾಣಂತಿ, ಬರಲಾಗಲಿಲ್ಲ. ಮನೆಯ ಹಂಚು ಇಳಿಸಿದ್ದನ್ನು, ತುಳಸಿಕಟ್ಟೆ ಕಿತ್ತದ್ದನ್ನು ನೋಡಲಿಲ್ಲ. ಆಮೇಲೆ ಹಿನ್ನೀರು ನೋಡಲು ಎಷ್ಟು ಕರೆದರೂ ಒಮ್ಮೆಯೂ ಬರಲಿಲ್ಲ. ತವರಿನಿಂದ ಬೀಳ್ಕೊಂಡು ಹೋಗದೇ ಉಳಿದವಳು ಎಂದು ಕಾಕಾ ಅಂದರು. ರಾಮನಗರದ ಹಿರಿಯರು ಒಬ್ಬೊಬ್ಬರೇ ತೀರಿಕೊಳ್ಳುತ್ತಿದ್ದರು. ಅಕ್ಕನನ್ನು ಒಮ್ಮೆ ಈ ಹಲಗೆಯ ಮೇಲಾದರೂ ಮನೆಗೆ ಕರೆದುಕೊಂಡು ಹೋಗಬೇಕು, ಅದಕ್ಕಾಗಿ ಎಲ್ಲ ಸರಿಯಾಗಬೇಕು. ಅದಕ್ಕೇ ಅಷ್ಟು ತಿಕ್ಕುವುದು, ಅಷ್ಟು ಸಲ ಬಣ್ಣ ಬಳಿಯುವುದು.

ಆ ವರ್ಷ ಚೌತಿಗೆ ಆಕೆ ಬಂದರು. ಪಡಸಾಲೆಯಲ್ಲಿ ಗಣಪತಿ ಕೂರಿಸಿದ್ದರಿಂದ ಮೇಜು ಜಗಲಿಗೆ ಬಂದಿತ್ತು, ಸುತ್ತ ಎಲ್ಲಿ ಬೇಕಾದರೂ ಕೂರಬಹುದಿತ್ತು. ಮಧ್ಯಾಹ್ನದ ಊಟ ಆಗಿತ್ತು. ಆಕೆ ಬಂದು ನಮ್ಮೆದುರು, ಗುಡ್ಡದ ಅಂಚಿಗೆ ಕುಳಿತರು. ಹಡಗನ್ನು ಕೈಗೆ ತೆಗೆದುಕೊಂಡು, ಇದೇನು ಮೀನೋ ಎಂದು ಕೇಳಿದರು. ಕಾಕಾ ವಿವರಿಸಿದರು. ಆಕೆ ಹುಣಸೆಬೀಜ ಮುಟ್ಟಲೇ ಇಲ್ಲ. ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದರು. ಹಡಗನ್ನು ಹೊಳೆಯಿಂದ ಗುಡಿಯ ತನಕ ತಂದು, ಅಲ್ಲಿ ನಿಲ್ಲಿಸಿ, ತಮ್ಮ ಎಡಕ್ಕೆ ತಿರುಗಿಸಿದರು.

"ಅಕ್ಕಾ, ಅದು ಕಮ್ಮಾರರ ಮನಿ," ಎಂದರು ಕಾಕಾ.

"ಕಮ್ಮಾರರ ಮನಿಗೆ ಸಂಜಿ ಬಿಸಲು ಬೀಳತಿತ್ತು. ನಮ್ಮ ಮನಿಗೆ ಮುಂಜಾನಿ ಬಿಸಲು. ಗುಡಿ ಮುಂದ ಹೊಳಿ ಕಡೆ ಮಾರಿ ಮಾಡಿ ನಿಂತ್ರ ಎಡಗೈಗೆ ನಮ್ಮ ಮನಿ. ಮರತೇನೋ?"

"ಎಡಗೈಗೇ ಬರದೀನಲ್ಲ," ಎಂದು ಕಾಕಾ ತಮ್ಮ ಎಡಗೈ ತೋರಿಸಿದರು. ತೋರಿಸಿದವರು ಕೈಯನ್ನು ಹಾಗೇ ಹಿಡಿದು ಕುಳಿತರು.

ಆಕೆ ತಮ್ಮನ ಮುಖ ನೋಡಿದರು. ಬೈಯುವ ದನಿಯಲ್ಲ, ಅರ್ಥವಾಗದೆ ಕೇಳಿದ ದನಿ: "ನೀ ಅತ್ತಲಾಗಿಂದ ಯಾಕ ನೋಡಾಕತ್ತಿ? ಅಲ್ಲಿ ಯಾರ ನಿಂದರತಿದ್ರು? ಅಲ್ಲಿ ಹೊಳಿ ಇತ್ತಲ್ಲೋ."

ಊರಲ್ಲಿದ್ದವರು ಯಾರೂ ಊರನ್ನು ಆ ಕಡೆಯಿಂದ ನೋಡಿರಲಿಲ್ಲ. ಡ್ಯೂಟಿಯ ಜಾಗದಿಂದ ದಿನಾ ಗುಡ್ಡ ನೋಡಿ ನೋಡಿ, ಕಾಕಾ ನೀರಿನೊಳಗಿನ ಊರನ್ನು ತಮಗೆ ಎದುರಾಗಿ ಕೂರಿಸಿಕೊಂಡಿದ್ದರು. ಎಡ ಎಂಬ ಮಾತು ಬಾಲ್ಯದ್ದು, ನೋಟ ಅಣೆಕಟ್ಟಿನದ್ದು. ಎರಡೂ ಸೇರಿ ಮನೆ ಓಣಿಯ ಇನ್ನೊಂದು ಕೊನೆಗೆ ಹೋಗಿತ್ತು. ಇದನ್ನು ಆಗಲೇ ನಾನು ಹೀಗೆ ಸ್ಪಷ್ಟವಾಗಿ ಯೋಚಿಸಿದೆನೋ, ಈಗ ಬರೆಯುವಾಗ ಜೋಡಿಸುತ್ತಿದ್ದೇನೋ... ಎರಡನೆಯದೇ ಇರಬೇಕು. ಆಗ ನಾನು ಕಂಡದ್ದು ಇಷ್ಟೇ: ಕಾಕಾ ಎದ್ದರು, ಸ್ಟೂಲು ಎತ್ತಿಕೊಂಡು ಮೇಜನ್ನು ಸುತ್ತಿ ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತರು. ಹಲಗೆಯನ್ನು ಆ ಕಡೆಯಿಂದ ನೋಡುತ್ತಾ, "ಇಷ್ಟ ದಿನ ಕಮ್ಮಾರರ ಬಾಗಲಾ ಬಡದೀವಲ್ರೀ ಪ್ರೊಫೆಸರ್ರ," ಎಂದರು. ಅಕ್ಕ ಸೆರಗು ಬಾಯಿಗೊತ್ತಿ ನಕ್ಕರು.

ಆಕೆ ಹಡಗನ್ನು ಓಣಿಯುದ್ದಕ್ಕೂ ನಿಧಾನ ನಡೆಸಿದರು. ಇಲ್ಲಿ ಯಾರ ಮನೆ, ಅಲ್ಲಿ ಯಾರ ಕೊಟ್ಟಿಗೆ ಎಂದು ಹೇಳುತ್ತಾ ಹೋದರು. ಕೆಲವು ಕಾಕಾ ಬರೆದಂತೆಯೇ ಇದ್ದವು, ಕೆಲವು ಅದಲುಬದಲು. ತಮ್ಮ ಮನೆಯ ಜಾಗಕ್ಕೆ ಬಂದಾಗ ಹಡಗನ್ನು ಕಡ್ಡಿಯ ಬುಡದ ತನಕ ಇಳಿಸಿದರು. ಬಗ್ಗಿ, ಕಿಟಕಿಯ ಎತ್ತರಕ್ಕೆ ಕಣ್ಣು ತಂದು ನೋಡಿದರು. "ಕಿಡಕಿ ಭಾಳ ಸಣ್ಣವು ಮಾಡೀದಿ ನೋಡು," ಎಂದರು ತಮ್ಮನಿಗೆ. ಆಮೇಲೆ ಕಾಕು ಕರೆದರೆಂದು ಆರತಿಗೆ ಎದ್ದು ಹೋದರು.

ಚೌತಿ ಮುಗಿದ ಮೇಲೆ ಕಾಕಾ ಹಲಗೆಯ ಬಣ್ಣವನ್ನೆಲ್ಲ ಕೆರೆದು ತೆಗೆದರು. ತಿದ್ದಿದರೆ ತಪ್ಪು ಕೆಳಗಿನಿಂದ ಇಣುಕುತ್ತದೆ, ಮೊದಲಿನಿಂದಲೇ ಬರೆಯಬೇಕು, ಅಕ್ಕ ಮತ್ತೆ ಬಂದಾಗ ಎದುರು ಕೂರಿಸಿಕೊಂಡು ಬರೆಯುತ್ತೇನೆ ಎಂದರು. ಹಲಗೆಗೆ ಬೂದಿ ಬಣ್ಣದ ಒಂದು ಲೇಪ ಕೊಟ್ಟು ಗೋಡೆಗೆ ಒರಗಿಸಿದರು. ಅಕ್ಕ ಮತ್ತೆ ಬರಲಿಲ್ಲ, ಆ ಚಳಿಗಾಲದಲ್ಲೇ ತೀರಿಕೊಂಡರು. ನನಗೆ ಮುಂಡಗೋಡದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಹೊರಟೆ. ಕಾಕಾ ನಿವೃತ್ತರಾಗಿ ರಾಮನಗರಕ್ಕೆ ಹೋದರು, ಅಲ್ಲೇ ಹೋಗಿಬಿಟ್ಟರು ಎಂದು ಬಹಳ ತಡವಾಗಿ ಕೇಳಿದೆ. ಕಾಕುವನ್ನು ಒಮ್ಮೆ ಕಂಡು ಹಲಗೆಯ ಬಗ್ಗೆ ವಿಚಾರಿಸಿದ್ದೆ. ಸಾಮಾನು ಸಾಗಿಸುವಾಗ ಯಾವುದೋ ಕಪಾಟಿನ ಹಿಂಬದಿಗೆ ಹೊಡೆದಿರಬೇಕು ಎಂದರು. ಹಡಗು ಅವರಿಗೆ ನೆನಪೇ ಇರಲಿಲ್ಲ.

ಮೊನ್ನೆ ಥಿನ್ನರಿನ ಬಾಟಲಿ ಮುಚ್ಚಿಟ್ಟು ಒಂದು ದೊಡ್ಡ ಹಾಳೆಯ ಮೇಲೆ ಆ ಊರನ್ನು ಬರೆಯಲು ಕುಳಿತೆ. ಕೈ ಸರಾಗ ಓಡಿತು. ಹೊಳೆ, ಓಣಿ, ಗುಡಿ. ಎಡದ ಕೊನೆಗೆ ಕಾಕಾನ ಮನೆ, ಬಲಕ್ಕೆ ಕಮ್ಮಾರರದು. ಬರೆದು ಮುಗಿಸಿದ ಮೇಲೆ ನೋಡಿದರೆ ಅದು ಅಕ್ಕ ಬರುವ ಮೊದಲಿನ ಊರು. ನಾವು ತಿಂಗಳುಗಟ್ಟಲೆ ಆಡಿದ್ದು ಅದನ್ನೇ. ಸರಿಯಾದ ಊರನ್ನು ನಾನು ಕಂಡದ್ದು ಒಂದು ಮಧ್ಯಾಹ್ನ ಮಾತ್ರ, ಅದೂ ಬೇರೆಯವರ ಬೆರಳ ಹಿಂದೆ. ಹಾಗಾದರೆ ಎಲ್ಲವನ್ನೂ ಅದಲುಬದಲು ಮಾಡಿದರಾಯಿತಲ್ಲ ಎಂದುಕೊಂಡೆ. ಆದರೆ ಎಲ್ಲವೂ ತಪ್ಪಿರಲಿಲ್ಲ. ಮನೆ ಆ ಕಡೆಗೆ ಹೋಗಬೇಕು, ಅದು ಗೊತ್ತು. ಬಾವಿ? ಕಟ್ಟಿಗೆಯ ರಾಶಿ? ಹೊಳೆಗಿಳಿಯುವ ಮೆಟ್ಟಿಲು? ಆಕೆ ಯಾವುದನ್ನು ಸರಿಸಿದರು, ಯಾವುದನ್ನು ಹಾಗೇ ಬಿಟ್ಟರು...

ಹಾಳೆಯನ್ನು ತಿರುಗಿಸಿ ನೋಡಿದೆ. ಕುರ್ಚಿಯನ್ನು ಮೇಜಿನ ಆಚೆ ಬದಿಗೆ ಎಳೆದುಕೊಂಡು ಹೋಗಿ ಕುಳಿತೂ ನೋಡಿದೆ. ಅಲ್ಲಿಂದಲೂ ಕಂಡದ್ದು ನಾನು ಬರೆದದ್ದೇ. ಮತ್ತೆ ಈಚೆಗೆ ಬಂದು ಕಾಕಾನ ಮನೆಯೊಂದನ್ನೇ ಅಳಿಸಿ ಬಲಕ್ಕೆ ಬರೆದೆ. ಉಳಿದದ್ದನ್ನು ಕೇಳಲು ಯಾರೂ ಇಲ್ಲ. ಬಾವಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.