ಕ್ಯಾಸೆಟ್ಟಿನ ಎರಡು ಬದಿ, ಒಂದೇ ಕತೆ

ನಮ್ಮ ಮಾವನವರ ಎಡಗೈ ಕಿರುಬೆರಳಿಗೆ ತುದಿಯಿರಲಿಲ್ಲ. ಚಿಕ್ಕಂದಿನಲ್ಲಿ ಆಲೆಮನೆಯಲ್ಲಿ ಕಬ್ಬು ಕೊಡುವಾಗ ಗಾಣ ಅದನ್ನು ನುಂಗಿತ್ತಂತೆ. ಗಾಯ ಮಾಗಿ ಚೂಪಾಗಿ ಉಳಿದ ಆ ಮೋಟು ಬೆರಳು ಕ್ಯಾಸೆಟ್ಟಿನ ತೂತಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ಟೇಪು ಸಡಿಲವಾದರೆ ಬೀದಿಯವರೆಲ್ಲ ಪೆನ್ಸಿಲ್ಲು ಹುಡುಕಿಕೊಂಡು ಓಡಾಡುತ್ತಿದ್ದರು. ನಮ್ಮ ಮಾವ ಬೆರಳು ತೂರಿಸಿ, ಕಣ್ಣು ಮುಚ್ಚಿ, ಮಗುವಿನ ಕಿವಿ ಒರೆಸುವಷ್ಟು ಮೆಲ್ಲಗೆ ಸುತ್ತುತ್ತಿದ್ದರು. "ದೇವ್ರು ಇದ್ನ ಸುಮ್ನೆ ಕಿತ್ಕೊಂಡಿಲ್ಲ ಕಣಮ್ಮ, ಇದುಕ್ಕೇಂತ ಕೆತ್ತಿ ಕೊಟ್ಟವ್ನೆ" ಅನ್ನುವುದು ಅವರ ವಾಡಿಕೆಯ ಮಾತು.

ಅವರಿಗೆ ತಮಿಳುನಾಡಿನ ಮೆಟ್ಟೂರು ಡ್ಯಾಮಿನಲ್ಲಿ ಕೆಲಸ. ಕೈಗೆ ಸದಾ ಗ್ರೀಸಿನ ವಾಸನೆ. ಆದರೆ ಕ್ಯಾಸೆಟ್ಟು ಮುಟ್ಟುವ ಮೊದಲು ಸೀಗೆಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದರು. "ಪೂಜೆಗಾದ್ರೂ ಇಂಗ್ ಕೈ ತೊಳ್ದಿದ್ರೆ ಪುಣ್ಯ ಬಂದಿರಾದು" ಎಂದು ನಮ್ಮತ್ತೆ ಅಡುಗೆಮನೆಯಿಂದಲೇ ಗೊಣಗುವರು.

ಆಗೆಲ್ಲ ಸಿನಿಮಾ ಬರುವುದಕ್ಕೆ ಎಷ್ಟೋ ವಾರ ಮೊದಲೇ ಅದರ ಹಾಡಿನ ಕ್ಯಾಸೆಟ್ಟು ಅಂಗಡಿಗೆ ಬರುತ್ತಿತ್ತು. ಬಂದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಮಾವ ರಜೆ ಹಾಕಿ ಸೇಲಂ ಬಸ್ಸು ಹತ್ತುವರು. ಮೆಟ್ಟೂರಿನ ಅಂಗಡಿಗೆ ಬರುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಕ್ಯಾಸೆಟ್ಟು ಕೈಗೆ ಬಂದ ಮೇಲೆ ದಾರಿಯಲ್ಲಿ ಯಾವುದಾದರೂ ಟೀ ಅಂಗಡಿಯಲ್ಲಿ ಅದೇ ಹಾಡು ಹಾಕಿದ್ದರೆ ಎರಡು ಕಿವಿಗೂ ಬೆರಳಿಟ್ಟುಕೊಂಡು ರಸ್ತೆಯ ಆ ಕಡೆಗೆ ದಾಟಿಬಿಡುತ್ತಿದ್ದರು. ಹಾಡನ್ನು ಮನೆಯವರೆಲ್ಲರ ಜೊತೆ ಕೂತು, ಮೊದಲಿನಿಂದ ಕೇಳಬೇಕು. ನಡುವಿನಿಂದ ಕೇಳಿದರೆ ಕತೆ ಕೆಟ್ಟುಹೋಗುತ್ತದೆ ಎಂಬುದು ಅವರ ಕಟ್ಟುಪಾಡು.

ಕತೆ ಎಂದೆನಲ್ಲ, ಆ ಮನೆಯ ಹುಚ್ಚು ಅದೇ. ಭಾನುವಾರ ಮಧ್ಯಾಹ್ನ ರಾಗಿ ಕಳಿ, ಕೋಳಿ ಸಾರು ಉಂಡು ಎಲ್ಲರೂ ಜಗಲಿಯಲ್ಲಿ ಕೂರಬೇಕು. ಮಾವ ಕ್ಯಾಸೆಟ್ಟಿನ ಡಬ್ಬಿಯೊಳಗಿನ ಬಣ್ಣದ ಕಾಗದವನ್ನು, ಕಣ್ಣು ಬೇರೆ ಕಡೆ ಹಾಯಿಸಿಕೊಂಡೇ, ಎಳೆದು ತೆಗೆದು ಅತ್ತೆಯ ಕೈಗೆ ಕೊಡುವರು. ಅತ್ತೆ ಅದನ್ನು ನೋಡದೆ ಮಡಿಸಿ ಅಟ್ಟದ ಮೇಲಿನ ಹುಣಸೆಹಣ್ಣಿನ ಮಡಕೆಯ ಕೆಳಗಿಡುವರು. "ಈರೋ ಮೊಕ ನೋಡ್ಬುಟ್ರೆ ಕತೆ ಓಗ್ಬುಡ್ತದೆ" ಎನ್ನುವರು ಮಾವ. ಆಮೇಲೆ ಎರಡೂ ಬದಿ ಪೂರ್ತಿ ಕೇಳುವುದು. ಸ್ಟವ್ ಕೂಡ ಆರಿಸಿರಬೇಕು, ಯಾರೂ ಕೆಮ್ಮಬಾರದು. ಕೇಳಿ ಮುಗಿದ ಮೇಲೆ ಒಬ್ಬೊಬ್ಬರೂ ಆ ಹಾಡುಗಳನ್ನೇ ಪೋಣಿಸಿ ಸಿನಿಮಾದ ಕತೆ ಹೇಳಬೇಕು. ನಾದಿನಿಯ ಕತೆಯಲ್ಲಿ ಹೀರೋ ತಪ್ಪದೆ ಸಾಯುತ್ತಿದ್ದ. ಅತ್ತೆಯ ಕತೆಯಲ್ಲಿ ಎಂಥಾ ಹಾಡಿದ್ದರೂ ಒಬ್ಬಳು ಒಳ್ಳೆಯ ಅತ್ತೆ ಇರುತ್ತಿದ್ದಳು. ಮಾವನ ಕತೆಗಳೆಲ್ಲ ಮದುವೆ ಊಟದಲ್ಲಿ ಮುಗಿಯುತ್ತಿದ್ದವು, ಪಾಯಸದ ಸಮೇತ. ಆಮೇಲೆ ಸಿನಿಮಾ ಬಂದಾಗ ಎಲ್ಲರೂ ಹೋಗಿ ನೋಡಿ, ಕತೆ ಬೇರೆಯಾಗಿದ್ದರೆ ಮಾವ ಆಚೆ ಬಂದು ತೀರ್ಪು ಕೊಡುವರು: "ಸಿನಿಮಾದೋರು ಕೆಡಿಸ್ಬುಟ್ರು."

ನಾನು ಆ ಮನೆಗೆ ಬಂದದ್ದು ಧರ್ಮಪುರಿ ಹತ್ತಿರದ ಕಾರಿಮಂಗಲಂ ಕಡೆಯ ಹಳ್ಳಿಯಿಂದ. ನಮ್ಮಪ್ಪನ ಮನೆಯಲ್ಲಿ ಹೆಣ್ಣುಮಕ್ಕಳು ದೊಡ್ಡವರ ಎದುರು ಬಾಯಿಬಿಡುವುದು ರೂಢಿಯಲ್ಲಿರಲಿಲ್ಲ. ಇಲ್ಲಿ ಬಂದ ಮೇಲೆ ಬಾಯಿ ಇನ್ನಷ್ಟು ಕಟ್ಟಿತು. ಗಂಡನಿಗೆ ಶಿಫ್ಟಿನ ಕೆಲಸ. ಅವರು ಬರುವಾಗ ನನಗೆ ನಿದ್ದೆ, ನಾನು ಏಳುವಾಗ ಅವರಿಗೆ ನಿದ್ದೆ. ಅತ್ತೆ ಕೆಟ್ಟವರಲ್ಲ, ಆದರೆ ಅವರ ಮಾತೆಲ್ಲ ಉಪ್ಪು, ಹುಳಿ, ನೀರಿನದು. "ನಿಂಗೇನನ್ಸುತ್ತೆ?" ಎಂದು ಯಾರೂ ನನ್ನನ್ನು ಒಂದು ಸಲವೂ ಕೇಳಿರಲಿಲ್ಲ. ಸಂಜೆ ಹೊತ್ತು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ನಾನು ಒಳಗೊಳಗೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಆಡಿ ತಿಂಗಳು, ಅಂದರೆ ಆಷಾಢ, ಬಂದರೆ ಹೊಸ ಸೊಸೆಯನ್ನು ತವರಿಗೆ ಕಳಿಸುವುದು ನಮ್ಮ ಕಡೆಯ ಪದ್ಧತಿ. ಆ ತಿಂಗಳು ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರದು. ಹಾಗೆ ಹೋದವಳು ವಾಪಸು ಬರುವುದಿಲ್ಲ. ಅಷ್ಟೇ ನನ್ನ ತೀರ್ಮಾನ. ಯಾರಿಗೂ ಹೇಳಿರಲಿಲ್ಲ.

ಆಡಿಗೆ ಸ್ವಲ್ಪ ಮೊದಲು ಒಂದು ಕ್ಯಾಸೆಟ್ಟು ಬಂತು. ಎಂದಿನಂತೆ ಕಾಗದ ಮಡಕೆಯ ಕೆಳಗೆ ಹೋಯಿತು. ಮೊದಲ ಬದಿಯಲ್ಲಿ ಒಂದು ಮದುವೆಯ ಹಾಡು, ಒಂದು ಕುಣಿತದ ಹಾಡು, ಕೊನೆಗೆ ಗಂಡು ದನಿಯಲ್ಲಿ ಒಂದು ಲಾಲಿ. ಎರಡನೆಯ ಬದಿ ತಿರುಗಿಸಿದರೆ ರೈಲಿನ ಕೂಗು, ಯಾವುದೋ ದೊಡ್ಡ ಊರಿನ ಗದ್ದಲ, ಆಮೇಲೆ ಒಬ್ಬಳು ಹೆಂಗಸು ಒಂಟಿಯಾಗಿ ಹಾಡುವ ಹಾಡು. ಎಲ್ಲರೂ ಅವರವರ ಕತೆ ಹೇಳಿದರು. ನಾನು ಬಾಗಿಲ ಹಿಂದೆ ಲೋಟ ಒರೆಸುತ್ತಾ ನಿಂತಿದ್ದೆ.

"ನೀನೇನಂತೀಯಮ್ಮ?" ಎಂದರು ಮಾವ.

ಯಾರನ್ನೋ ಕೇಳಿದರೇನೋ ಎಂದು ಹಿಂದೆ ತಿರುಗಿ ನೋಡಿದೆ. ನನ್ನನ್ನೇ. ಮಾತು ಹೇಗೆ ಹೊರಟಿತೋ ಗೊತ್ತಿಲ್ಲ, ಹೊರಟಿತು. "ಆ ಲಾಲಿ ಅಪ್ಪ ಆಡ್ತಾನೆ ಮಾವ. ಯಾಕೆಂದ್ರೆ ಅಮ್ಮ ಮನೇಲಿಲ್ಲ. ಅವ್ಳು ರೈಲತ್ತಿ ಓಗ್ಬುಟ್ಟವ್ಳೆ. ಆ ಕಡೆ ಆಡೋದು ಅವ್ಳೇ."

"ಯಾಕೋದ್ಲು?"

"ಆ ಮನೇಲಿ ಅವ್ಳ್ನ ಯಾರೂ ಏನೂ ಕೇಳ್ತಿರ್ಲಿಲ್ಲ."

ಅತ್ತೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು. ಮಾವ ಕ್ಯಾಸೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು, "ಅಪ್ಪುರಂ? ಆಮೇಲೆ ವಾಪಸ್ ಬಂದ್ಲಾ?" ಎಂದರು.

"ಗೊತ್ತಿಲ್ಲ ಮಾವ. ಅವ್ಳು ಆಡೋ ಪಾಟು ಅಲ್ಲಿಗೇ ಮುಗೀತು."

"ಸರಿ ಬುಡು, ಸಿನಿಮಾ ಪಡ ಬಂದಾಗ ನೋಡಾನ. ಎಲ್ರೂ ಒಟ್ಗೇ ನೋಡಾನ" ಎಂದರು. ಅದಾದ ಕೆಲವೇ ದಿನಕ್ಕೆ ನಾನು ತವರಿಗೆ ಹೊರಟೆ. ಮದುವೆಯ ಸೀರೆಯನ್ನೂ ಪೆಟ್ಟಿಗೆಗೆ ಹಾಕಿಕೊಂಡದ್ದನ್ನು ಮಾವ ನೋಡಿದರು. ಪೆಟ್ಟಿಗೆಯನ್ನು ತಾವೇ ಬಸ್ಸಿಗೆ ಹತ್ತಿಸಿದರು.

ಆಡಿಯ ನಡುವೆ ಸಿನಿಮಾ ಬಂದೇ ಬಂತು. ಮೆಟ್ಟೂರಿನಲ್ಲೂ ಬಂತು, ಧರ್ಮಪುರಿಯಲ್ಲೂ ಬಂತು. ಒಂದು ಬೆಳಗ್ಗೆ ನೋಡುತ್ತೇನೆ, ನಮ್ಮಪ್ಪನ ಮನೆಯ ಮುಂದೆ ಮಾವ, ಅತ್ತೆ, ನಾದಿನಿ! ನಮ್ಮಮ್ಮ ಒಳಗಿನಿಂದ ಓಡಿಬಂದಳು. "ಆಡೀಲಿ ಸೊಸೇನ ಕರ್ಕೊಂಡೋಗ್ಬಾರ್ದಲ್ಲ ಬೀಗ್ರೇ" ಎಂದು ಬಾಗಿಲಲ್ಲೇ ತಡೆದಳು.

"ಮನೇಗಲ್ಲ ಕಣಮ್ಮ, ಪಡುಕ್ಕೆ. ಅವ್ನ ಕರ್ಕೊಂಡ್ ಬಂದಿಲ್ಲ, ಮೆಟ್ಟೂರಲ್ಲೇ ಬುಟ್ಟು ಬಂದಿವ್ನಿ" ಎಂದರು ಮಾವ, ಶಾಸ್ತ್ರಕ್ಕೆ ಒಂದಿಷ್ಟೂ ಲೋಪವಾಗಿಲ್ಲ ಎಂಬ ಗತ್ತಿನಲ್ಲಿ. ಹೊಸ ಹೆಂಡತಿ ಅತ್ತೆ ಮಾವನ ಜೊತೆ ಸಿನಿಮಾ ನೋಡುವುದು, ಗಂಡ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುವುದು! ಇಡೀ ಜಿಲ್ಲೆಯಲ್ಲಿ ಇಂಥದ್ದು ನಡೆದಿರಲಾರದು. ಅವರು ಬಂದದ್ದು ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷದ ಮೇಲೆ ನನಗೇ ಸಿಟ್ಟು ಬಂತು.

ಧರ್ಮಪುರಿಯ ಥಿಯೇಟರಿನಲ್ಲಿ ಕೂತೆವು. ಮದುವೆಯ ಹಾಡು ಬಂತು, ಕುಣಿತ ಬಂತು, ಲಾಲಿಯೂ ಬಂತು. ಹಾಡಿದವನು ಮಗುವಿನ ಸೋದರಮಾವ! ತಾಯಿ ಎಲ್ಲಿಗೂ ಹೋಗಿರಲಿಲ್ಲ, ಪಕ್ಕದಲ್ಲೇ ಒಲೆ ಮುಂದೆ ಕೂತು ದೋಸೆ ಹುಯ್ಯುತ್ತಿದ್ದಳು. ನನಗೆ ಮುಖ ಎಲ್ಲಿಡಲಿ ಎನ್ನುವ ಹಾಗಾಯಿತು. ರೈಲಿನ ಹಾಡಿಗೆ ಕಾದೆವು, ಒಂಟಿ ಹೆಂಗಸಿನ ಹಾಡಿಗೆ ಕಾದೆವು. ಸಿನಿಮಾ ಮುಗಿದು ದೀಪ ಹತ್ತಿತು. ಜನವೆಲ್ಲ ಎದ್ದರು. ಮಾವ ಏಳಲಿಲ್ಲ.

"ಇನ್ನೂ ಐತೆ. ಅರ್ದ ಪಾಟು ಬಂದೇ ಇಲ್ಲ. ಅವ್ಳು ವಾಪಸ್ ಬರಾದ ತೋರಿಸ್ಲೇ ಇಲ್ಲ" ಎಂದು ಕುರ್ಚಿಯ ಕೈ ಹಿಡಿದು ಕೂತರು. ಕಡೆಗೆ ಎದ್ದವರು ನೇರವಾಗಿ ರೀಲು ಬಿಡುವವನ ಕೋಣೆಗೆ ಹೋಗಿ, ಅರ್ಧ ಹಾಡುಗಳನ್ನೇ ಕತ್ತರಿಸಿದ್ದೀರಿ ಎಂದು ತಮಿಳಿನಲ್ಲಿ ಜಗಳಕ್ಕೆ ನಿಂತರು. ಆಗ ಥಿಯೇಟರಿನವರು ಹಾಡು ಕತ್ತರಿಸುವುದು ಹೊಸದೇನಲ್ಲ, ಆದ್ದರಿಂದ ಅವನೂ ಮೊದಲು ತಡವರಿಸಿದ. ಯಾವ ಹಾಡು ಎಂದು ಕೇಳಿದ. ಮಾವ ರೈಲಿನ ಹಾಡಿನ ಒಂದು ಸಾಲು ಹಾಡಿಯೇ ತೋರಿಸಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಗೋಡೆಯ ಮೇಲೆ ಅಂಟಿಸಿದ್ದ ಇನ್ನೊಂದು ಪೋಸ್ಟರು ತೋರಿಸಿದ. ಅದು ಬೇರೆ ಸಿನಿಮಾದ ಹಾಡು. ಒಂದೇ ಕ್ಯಾಸೆಟ್ಟಿನಲ್ಲಿ ಈ ಬದಿಗೆ ಒಂದು ಸಿನಿಮಾ, ಆ ಬದಿಗೆ ಇನ್ನೊಂದು ಹಾಕಿ ಮಾರುವುದುಂಟು. ಡಬ್ಬಿಯ ಕಾಗದ ನೋಡಿದ್ದರೆ ಹಸುಗೂಸಿಗೂ ತಿಳಿಯುತ್ತಿತ್ತು. ನಮ್ಮ ಮನೆಯ ಕಾಗದ ಮೆಟ್ಟೂರಿನಲ್ಲಿ ಹುಣಸೆಹಣ್ಣಿನ ಮಡಕೆಯ ಕೆಳಗಿತ್ತು.

ಅತ್ತೆ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾದಿನಿ ಮೆಟ್ಟಿಲ ಮೇಲೆ ಕುಸಿದಳು. ನನಗೆ ಮಾತ್ರ ಅಳು ಬರುವಂತಿತ್ತು. ಎರಡು ಸಿನಿಮಾ ಕಲಸಿ ಒಂದು ಕತೆ ಕಟ್ಟಿದವಳು ನಾನು. ಅದನ್ನು ನಂಬಿ ಇವರು ಇಷ್ಟು ದೂರ ಬಂದಿದ್ದರು. ಬಸ್‌ಸ್ಟ್ಯಾಂಡಿನವರೆಗೆ ತಲೆಯೆತ್ತದೆ ನಡೆದೆ. ಕಾರಿಮಂಗಲಂ ಬಸ್ಸಿಗೆ ನನ್ನನ್ನು ಹತ್ತಿಸುವಾಗ ಮಾವ ಕಿಟಕಿಯ ಹತ್ತಿರ ಬಂದು ನಿಂತರು.

"ಸಿನಿಮಾದೋರು ಕೆಡಿಸ್ಬುಟ್ರು ಕಣಮ್ಮ. ನಿನ್ ಕತೇನೇ ಚೆಂದಾಗಿತ್ತು." ಬೇರೆ ಎಲ್ಲೋ ನೋಡುತ್ತಾ ಕೇಳಿದರು: "ನಿನ್ ಕತೇಲಿ ಅವ್ಳು ವಾಪಸ್ ಬತ್ತಾಳೆ ತಾನೇ?"

ಅವರಿಗೆ ಗೊತ್ತಿತ್ತು. ಜಗಲಿಯಲ್ಲಿ ಕತೆ ಕೇಳಿದ ದಿನದಿಂದಲೇ ಗೊತ್ತಿತ್ತು.

"ಬತ್ತಾಳೆ ಮಾವ" ಎಂದೆ.

"ಅಷ್ಟು ಸಾಕು" ಎಂದರು. ಕಿಟಕಿಯ ಕಂಬಿ ಹಿಡಿದಿದ್ದ ಆ ಮೋಟು ಬೆರಳು ಬಸ್ಸು ಹೊರಡುವವರೆಗೂ ಅಲ್ಲಿಯೇ ಇತ್ತು.

ಆಡಿ ಮುಗಿದಾಗ ನನ್ನನ್ನು ಯಾರೂ ಕರೆಯಲು ಬರಬೇಕಾಗಲಿಲ್ಲ. ನಾನೇ ಮೆಟ್ಟೂರಿಗೆ ಹೋದ ದಿನವೇ ಅತ್ತೆ ಮಡಕೆ ಎತ್ತಿ ಆ ಕಾಗದ ತೋರಿಸಿದರು. ಇಬ್ಬರು ಹೀರೋಗಳ ಮುಖಕ್ಕೂ ಹುಣಸೆಯ ಕಲೆ ಹತ್ತಿತ್ತು. ಅಂದಿನಿಂದ ಅತ್ತೆ ಸಾರಿಗೆ ಉಪ್ಪು ಹಾಕುವ ಮುಂಚೆ "ನೀನೇನಂತೀಯೇ?" ಎಂದು ಕೇಳತೊಡಗಿದರು. ಭಾನುವಾರಗಳಲ್ಲಿ ಕೊನೆಯ ಕತೆ ನನ್ನದೆಂದು ನಿಗದಿಯಾಗಿಹೋಯಿತು. ಇವತ್ತು ನಾವಿರುವ ಸೇಲಂನಲ್ಲಿ ನಾಲ್ಕು ಜನರೆದುರು ಎದ್ದು ನಿಂತು ಮಾತಾಡಬಲ್ಲೆನಾದರೆ ಆ ಬಾಯಿ ತವರು ಕೊಟ್ಟದ್ದಲ್ಲ, ಶಾಲೆ ಕೊಟ್ಟದ್ದಲ್ಲ. ಆ ಜಗಲಿ ಕೊಟ್ಟದ್ದು.

ಕ್ಯಾಸೆಟ್ಟು ಹೋದ ಮೇಲೆ ಮಾವ ಸಿಡಿ ಕಂಡರು, ಆಮೇಲೆ ಮೊಬೈಲು ಕಂಡರು. ಈಗ ಹಾಡುಗಳನ್ನು ಒಂದೊಂದಾಗಿ, ತಿಂಗಳಿಗೊಂದರಂತೆ ಬಿಡುತ್ತಾರಲ್ಲ, ಅದು ಅವರಿಗೆ ಹಿಡಿಸಲೇ ಇಲ್ಲ. "ಚಿಲ್ರೆ ಚಿಲ್ರೆ ಕೊಟ್ರೆ ಕತೆ ಎಂಗಮ್ಮ ಕಟ್ಟಾದು?" ಎಂದು ಮೊಮ್ಮಗಳನ್ನು ಬಯ್ಯುವರು, ಅವಳೇ ಬಿಡುತ್ತಿದ್ದಾಳೆ ಎಂಬಂತೆ.

ಹೋದ ವರ್ಷ ಹಾಸಿಗೆ ಹಿಡಿದರು. ಬರಬೇಕಿದ್ದ ಒಂದು ಸಿನಿಮಾದ ಹಾಡುಗಳನ್ನು ನನ್ನ ಮಗಳು ಫೋನಿನಲ್ಲಿ ಹಾಕಿದಳು. ಒಂದರಲ್ಲಿ ವಯಸ್ಸಾದವನೊಬ್ಬ ಹೊಳೆಯ ದಂಡೆಯಲ್ಲಿ ನಡೆಯುತ್ತಾ ಹಾಡುತ್ತಾನೆ. ಮಾವ ಕಣ್ಣು ಮುಚ್ಚಿ ಕೇಳಿ, ನನ್ನ ಕಡೆ ತಿರುಗಿ, "ಕತೆ ಯೋಳು" ಎಂದರು. ಹೇಳಿದೆ. ಕೊನೆಗೆ ಆ ಮುದುಕಪ್ಪ ದಾರಿ ಕೇಳಿಕೊಂಡು ಮನೆಗೆ ಬರುತ್ತಾನೆ ಎಂದೆ. ಮಾವ ಮೆಲ್ಲಗೆ ತಲೆಯಾಡಿಸಿದರು. ಸಿನಿಮಾ ಬರುವ ಮೊದಲೇ ಹೋಗಿಬಿಟ್ಟರು.

ಮೊನ್ನೆ ಅದೇ ಸಿನಿಮಾಕ್ಕೆ ಸೇಲಂನಲ್ಲಿ ನಾನು, ನನ್ನ ಗಂಡ, ಮಗಳು ಮೂವರೂ ಹೋದೆವು. ಹೊಳೆಯ ಹಾಡು ಬಂತು. ಆ ಮುದುಕಪ್ಪ ಮನೆಗೆ ಬರಲಿಲ್ಲ. ದೀಪ ಹತ್ತಿತು, ಮಗಳು ಕಣ್ಣೊರೆಸಿಕೊಂಡು ಎದ್ದಳು, ಜನ ಸದ್ದಿಲ್ಲದೆ ಹೊರಗೆ ಹೋಗುತ್ತಿದ್ದರು. ನಾನು ಕುರ್ಚಿಯ ಕೈ ಹಿಡಿದು ಕೂತೇ ಇದ್ದೆ.

"ಸಿನಿಮಾದೋರು ಕೆಡಿಸ್ಬುಟ್ರು" ಎಂದೆ, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಆ ಆಡಿಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡಿದ್ದ ನನ್ನ ಗಂಡ ಪಕ್ಕದಲ್ಲಿ ಮತ್ತೆ ಕೂತರು. ಖಾಲಿ ಪರದೆಯನ್ನು ನೋಡುತ್ತಾ ಕೇಳಿದರು: "ನಿನ್ ಕತೇಲಿ ಬಂದ್ರು ತಾನೇ?"

"ಬಂದ್ರು" ಎಂದೆ.